ತಿರುಪಿನಾಕಾರದ ಭಾಗಗಳ ಮಿಲ್ಲಿಂಗ್: ಕಟರ್ ವಿನ್ಯಾಸ ಮತ್ತು ಸಿಮ್ಯುಲೇಷನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಭೋಸರಿ, ಚಾಕಣ, ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ತರುಣರು ಬಹಳ ಮಂದಿ ಇದ್ದಾರೆ. ಐಟಿಐ, ಡಿಪ್ಲೊಮಾ ಇಲ್ಲವೇ ಟೂಲ್‌ರೂಮ್ ತರಬೇತಿ ಮುಗಿಸಿ ಬಂದವರು ಅವರು. ಯಂತ್ರದ ಮೇಲೆ ಕೈ ಚೆನ್ನಾಗಿ ಕೂತಿರುತ್ತದೆ. ಸ್ಕ್ರೂ ಆಕಾರದ ಜಾಬ್ (ಕೊರೆಯಬೇಕಾದ ಭಾಗ) ಎದುರಾದಾಗ ಮಾತ್ರ, ಕಟರ್ ಯಾಕೆ ಹೀಗಿದೆ, ತೋಡು ಯಾಕೆ ಹಾಗೆ ಬಂತು ಎಂಬುದಕ್ಕೆ ಕನ್ನಡದಲ್ಲಿ ಉತ್ತರ ಸಿಗುವುದಿಲ್ಲ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಲೆಕ್ಕಗಳು ಪುಟದುದ್ದಕ್ಕೂ ಒಂದೇ ಜಾಬ್‌ನವು: ಹೊರವ್ಯಾಸ 40 ಮಿ.ಮೀ., ತೋಡಿನ ತಳದ ವ್ಯಾಸ 24 ಮಿ.ಮೀ., ಲೀಡ್ (ಒಂದು ಪೂರ್ತಿ ಸುತ್ತಿಗೆ ತೋಡು ಅಕ್ಷದ ಉದ್ದಕ್ಕೆ ಸಾಗುವ ದೂರ) 120 ಮಿ.ಮೀ., ಉದ್ದ 300 ಮಿ.ಮೀ. ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

ತಿರುಪಿನಾಕಾರದ ಭಾಗಗಳು ಎಂದರೆ ಯಾವುವು?

ಸ್ಕ್ರೂ ಕಂಪ್ರೆಸರ್‌ನ ರೋಟರ್‌ಗಳು, ಪ್ಲಾಸ್ಟಿಕ್ ಎಕ್ಸ್‌ಟ್ರೂಡರ್ ಸ್ಕ್ರೂ, ಎಣ್ಣೆ ಗಾಣದ ಸ್ಕ್ರೂ, ವರ್ಮ್, ಬಾಲ್ ಸ್ಕ್ರೂ, ಕಾಕಂಬಿಯಂಥ ದಪ್ಪ ದ್ರವವನ್ನು ಎತ್ತುವ ಸ್ಕ್ರೂ ಪಂಪಿನ ರೋಟರ್, ಮೂಳೆಗೆ ಹಾಕುವ ಸ್ಕ್ರೂ. ನಿಮ್ಮ ಕೈಯಲ್ಲಿರುವ ಡ್ರಿಲ್ ಬಿಟ್ ಮತ್ತು ಎಂಡ್ ಮಿಲ್ ಕೂಡ ಇದೇ ಕುಟುಂಬಕ್ಕೆ ಸೇರಿದವು. ಒಂದು ಅಡ್ಡಛೇದವನ್ನು ತಿರುಗಿಸುತ್ತಲೇ ಅಕ್ಷದ ಉದ್ದಕ್ಕೆ ಸರಿಸಿದಾಗ ಹುಟ್ಟುವ ಆಕಾರಗಳು ಇವೆಲ್ಲ. ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ 1930ರ ದಶಕದಲ್ಲಿ ಇಂದಿನ ಸ್ಕ್ರೂ ಕಂಪ್ರೆಸರ್‌ಗೆ ತಳಹದಿ ಹಾಕಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸಿನ ರೆನೆ ಮೊಯ್ನೊ ಒಂಟಿ ರೋಟರ್‌ನ ಪಂಪನ್ನು ರೂಪಿಸಿದರು. ಇಂಥ ಆಕಾರಗಳನ್ನು ಕಾಗದದಲ್ಲಿ ಬರೆಯುವುದು ಕಷ್ಟವಲ್ಲ. ಮೈಕ್ರಾನ್ ಲೆಕ್ಕದಲ್ಲಿ ಕೊರೆಯುವುದು ಕಷ್ಟ. ಜೋಡಿ ರೋಟರ್‌ಗಳ ನಡುವಿನ ಸಂದು ಕೆಲವೇ ಹತ್ತು ಮೈಕ್ರಾನ್‌ಗಳಷ್ಟಿರುತ್ತದೆ. ಅದು ಹಿಗ್ಗಿದರೆ ಗಾಳಿ ಹಿಂದಕ್ಕೆ ಸೋರುತ್ತದೆ, ಕುಗ್ಗಿದರೆ ರೋಟರ್‌ಗಳು ಒಂದಕ್ಕೊಂದು ಉಜ್ಜಿ ಕಚ್ಚಿಕೊಳ್ಳುತ್ತವೆ.

ತೋಡಿನ ಆಕಾರದಲ್ಲೇ ಕಟರ್ ಮಾಡಿದರೆ ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಬಿಡುವಿದ್ದರೆ ಇದನ್ನು ಓದಿ.

ಚಕ್ಕುಲಿ ಒರಳಿನಲ್ಲಿ ಬಿಲ್ಲೆಯ ತೂತು ಹೇಗಿದೆಯೋ ಹಿಟ್ಟೂ ಹಾಗೆಯೇ ಹೊರಬರುತ್ತದೆ. ನೇರ ತೋಡಿಗೆ ಮಿಲ್ಲಿಂಗ್ ಕೂಡ ಹಾಗೆಯೇ: ಕಟರ್‌ನ ಪ್ರೊಫೈಲ್ ಜಾಬ್‌ನ ಮೇಲೆ ಹಾಗೆಯೇ ಮೂಡುತ್ತದೆ. ತೋಡು ಸುರುಳಿಯಾದ ಕೂಡಲೇ ಈ ನಿಯಮ ಮುರಿಯುತ್ತದೆ.

ಕಾರಣ ಲೆಕ್ಕದಲ್ಲೇ ಕಾಣುತ್ತದೆ. ಸುರುಳಿ ಕೋನದ ಟ್ಯಾಂಜೆಂಟ್ ಎಂದರೆ ಪರಿಧಿಯನ್ನು ಲೀಡ್‌ನಿಂದ ಭಾಗಿಸಿದ್ದು. ನಮ್ಮ ಜಾಬ್‌ನ ಹೊರವ್ಯಾಸದಲ್ಲಿ 3.1416 ಗುಣಿಸು 40 ಭಾಗಿಸು 120, ಅಂದರೆ 1.047, ಕೋನ 46.3 ಡಿಗ್ರಿ. ತಳದ 24 ಮಿ.ಮೀ. ವ್ಯಾಸದಲ್ಲಿ ಅದೇ ಲೆಕ್ಕ 0.628, ಕೋನ 32.1 ಡಿಗ್ರಿ. ಒಂದೇ ತೋಡು, ಒಂದೇ ಲೀಡ್, ಆದರೂ ಮೇಲಂಚಿಗೂ ತಳಕ್ಕೂ 14 ಡಿಗ್ರಿ ಅಂತರ. ಡಿಸ್ಕ್ ಕಟರ್, ಅಂದರೆ ಅಂಚಿನಲ್ಲಿ ಹಲ್ಲುಗಳಿರುವ ಬಿಲ್ಲೆಯಾಕಾರದ ಕಟರ್, ನಿಲ್ಲುವುದು ಒಂದೇ ಕೋನದಲ್ಲಿ. ಅದನ್ನು ತಳಕ್ಕೆ ಹೊಂದಿಸಿದರೆ ಮೇಲಂಚಿಗೆ ಹೊಂದುವುದಿಲ್ಲ, ಮೇಲಂಚಿಗೆ ಹೊಂದಿಸಿದರೆ ತಳ ಕೆಡುತ್ತದೆ. ಕಟರ್‌ನ ಹಲ್ಲು ತೋಡಿನೊಳಗೆ ಇಳಿಯುವಾಗ ಮತ್ತು ಏಳುವಾಗ ಪಕ್ಕದ ಗೋಡೆಗಳನ್ನು ಸವರಿಕೊಂಡು ಹೋಗುತ್ತದೆ. ಅಂತಿಮ ಆಕಾರವನ್ನು ಕೊಡುವುದು ಕಟರ್‌ನ ಮಧ್ಯದ ಸಮತಲವಲ್ಲ. ಹಲ್ಲುಗಳು ಬೇರೆ ಬೇರೆ ಕ್ಷಣದಲ್ಲಿ ಕೊನೆಯದಾಗಿ ಮುಟ್ಟಿದ ಬಿಂದುಗಳು ಸೇರಿ ಅದನ್ನು ಕೊಡುತ್ತವೆ. ಆ ಬಿಂದುಗಳನ್ನು ಜೋಡಿಸಿದರೆ ಸಿಗುವ ಡೊಂಕು ಗೆರೆಯೇ ಸಂಪರ್ಕ ರೇಖೆ. ಅದು ಯಾವ ಒಂದು ಸಮತಲದಲ್ಲೂ ಮಲಗುವುದಿಲ್ಲ.

ಹಾಗಾಗಿ ಡ್ರಾಯಿಂಗ್‌ನ ಆಕಾರವನ್ನು ನೇರವಾಗಿ ಕಟರ್‌ಗೆ ಕೊರೆಸಿದರೆ ತೋಡು ಬೇಕಾದ್ದಕ್ಕಿಂತ ಅಗಲವಾಗುತ್ತದೆ. ಒಂದೇ ಆಕಾರಕ್ಕೆಂದು ಮಾಡಿಸುವ ಇಂಥ ಫಾರ್ಮ್ ಕಟರ್ ದುಬಾರಿ ವಸ್ತು, ಒಮ್ಮೆ ಅರೆದ ಮೇಲೆ ತಿದ್ದುವುದು ಇನ್ನೂ ದುಬಾರಿ. ಮೊದಲು ಕಂಪ್ಯೂಟರ್‌ನಲ್ಲಿ ಕೊರೆದು ನೋಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಡ್ರಾಯಿಂಗ್‌ನಲ್ಲಿ ಇರುವುದು ಯಾವ ಅಡ್ಡಛೇದ?

ಕೆಲಸ ಶುರು ಮಾಡುವ ಮುಂಚೆ ಇದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಜಾಬ್‌ನ ಅಕ್ಷಕ್ಕೆ ಲಂಬವಾಗಿ ಕತ್ತರಿಸಿದ ಛೇದ ಬೇರೆ, ತೋಡಿನ ದಿಕ್ಕಿಗೆ ಲಂಬವಾಗಿ ಕತ್ತರಿಸಿದ ಛೇದ ಬೇರೆ. ಮೊದಲನೆಯದರಲ್ಲಿ 14 ಮಿ.ಮೀ. ಅಗಲ ಕಾಣುವ ತೋಡು 40 ಡಿಗ್ರಿ ಸುರುಳಿಯಲ್ಲಿ ಎರಡನೆಯದರಲ್ಲಿ ಸುಮಾರು 10.7 ಮಿ.ಮೀ. ಮಾತ್ರ. ಕಂಪ್ರೆಸರ್ ರೋಟರ್‌ಗಳ ಡ್ರಾಯಿಂಗ್ ಸಾಮಾನ್ಯವಾಗಿ ಅಕ್ಷಕ್ಕೆ ಲಂಬವಾದ ಛೇದದಲ್ಲಿರುತ್ತದೆ. ವರ್ಮ್‌ಗಳದ್ದು ಅಕ್ಷವನ್ನು ಒಳಗೊಂಡ ಛೇದದಲ್ಲೂ ಇರಬಹುದು.

ಕೋನದ ವಿಷಯದಲ್ಲೂ ಇಂಥದೇ ಗೊಂದಲವಿದೆ. ಕೆಲವರು ಸುರುಳಿ ಕೋನವನ್ನು ಅಕ್ಷದಿಂದ ಅಳೆಯುತ್ತಾರೆ, ಕೆಲವರು ಲೀಡ್ ಕೋನವೆಂದು ಅಕ್ಷಕ್ಕೆ ಲಂಬವಾದ ಸಮತಲದಿಂದ ಅಳೆಯುತ್ತಾರೆ. 40 ಡಿಗ್ರಿ ಮತ್ತು 50 ಡಿಗ್ರಿ ಒಂದೇ ತೋಡಿನ ಎರಡು ಹೆಸರುಗಳಾಗಿರಬಹುದು.

ಸರಿಯಾದ ಕಟರ್ ಪ್ರೊಫೈಲನ್ನು ಲೆಕ್ಕ ಹಾಕುವುದು ಹೇಗೆ?

ಇಲ್ಲಿ ಒಂದು ಸುಂದರವಾದ ರೇಖಾಗಣಿತ ಕೆಲಸ ಮಾಡುತ್ತದೆ. ತಿರುಗುವ ಕಟರ್ ತನ್ನ ಅಕ್ಷದ ಸುತ್ತ ಸಮವಾದ ಆಕಾರ. ಅಂಥ ಆಕಾರದ ಯಾವ ಬಿಂದುವಿನಲ್ಲಿ ಮೇಲ್ಮೈಗೆ ಲಂಬರೇಖೆ ಎಳೆದರೂ ಅದು ಅಕ್ಷವನ್ನು ಮುಟ್ಟಿಯೇ ತೀರುತ್ತದೆ. ಕಟರ್ ಮತ್ತು ತೋಡು ಒಂದನ್ನೊಂದು ಸವರುವ ಬಿಂದುವಿನಲ್ಲಿ ಎರಡಕ್ಕೂ ಲಂಬರೇಖೆ ಒಂದೇ. ಆದ್ದರಿಂದ ತೋಡಿನ ಮೇಲ್ಮೈಯಲ್ಲಿ ಯಾವ ಯಾವ ಬಿಂದುಗಳ ಲಂಬರೇಖೆ ಕಟರ್ ಅಕ್ಷವನ್ನು ಹಾದುಹೋಗುತ್ತದೆಯೋ ಅವೇ ಸಂಪರ್ಕ ಬಿಂದುಗಳು.

ಅಡ್ಡಛೇದವನ್ನು ಬಿಂದುಗಳಾಗಿ ಒಡೆಯಿರಿ. ಪ್ರತಿ ಬಿಂದುವನ್ನೂ ಸುರುಳಿಯ ಮೇಲೆ ಹಿಂದೆ ಮುಂದೆ ಸರಿಸಿ ಈ ಷರತ್ತು ಎಲ್ಲಿ ಕೂಡುತ್ತದೆ ಎಂದು ಹುಡುಕಿ. ಸರಿಸುವಾಗ ಬಿಂದು ಒಂದು ರೇಡಿಯನ್ ತಿರುಗಿದರೆ ಅಕ್ಷದ ಉದ್ದಕ್ಕೆ ಲೀಡ್ ಭಾಗಿಸು 6.2832 ರಷ್ಟು, ನಮ್ಮ ಜಾಬ್‌ನಲ್ಲಿ 19.1 ಮಿ.ಮೀ., ಮುಂದೆ ಹೋಗುತ್ತದೆ. ಷರತ್ತು ಕೂಡಿದಲ್ಲಿ ಕಟರ್ ಅಕ್ಷದಿಂದ ಆ ಬಿಂದು ಎಷ್ಟು ದೂರವಿದೆಯೋ ಅದು ಕಟರ್‌ನ ತ್ರಿಜ್ಯ. ಅಕ್ಷದ ಉದ್ದಕ್ಕೆ ಅದು ಇರುವ ಸ್ಥಾನವೇ ಕಟರ್ ಅಗಲದಲ್ಲಿ ಆ ತ್ರಿಜ್ಯಕ್ಕೆ ಸೇರಿದ ಜಾಗ. ಎಲ್ಲ ಬಿಂದುಗಳಿಗೂ ಇದನ್ನೇ ಮಾಡಿದರೆ ಪ್ರೊಫೈಲ್ ಸಿದ್ಧ. ಸುರುಳಿ ತನ್ನ ಮೇಲೆಯೇ ಜಾರುವ ಆಕಾರವಾದ್ದರಿಂದ ಒಂದೇ ಸಂಪರ್ಕ ರೇಖೆ ಇಡೀ ಉದ್ದಕ್ಕೂ ಸಾಕು.

ಈ ವಿಚಾರಧಾರೆ ಹಳೆಯದು. 19ನೇ ಶತಮಾನದಲ್ಲಿ ಫ್ರಾನ್ಸಿನ ಥಿಯೊಡೋರ್ ಒಲಿವಿಯೇ ಗೇರ್‌ಗಳಿಗಾಗಿ ಇದರ ಬುನಾದಿ ಹಾಕಿದರು. ಫೇಡರ್ ಲಿಟ್ವಿನ್ ಅದನ್ನು ಕಂಪ್ಯೂಟರ್ ಯುಗಕ್ಕೆ ತಂದವರಲ್ಲಿ ಪ್ರಮುಖರು.

ಅಷ್ಟು ಗಣಿತ ನನಗೆ ಬರುವುದಿಲ್ಲ. ಬೇರೆ ದಾರಿ ಇದೆಯೇ?

ಇದೆ, ಮತ್ತು ಅದು ಕಡಿಮೆ ದರ್ಜೆಯ ದಾರಿಯಲ್ಲ. ನನಗೆ ಅದರ ಮೇಲೆಯೇ ಹೆಚ್ಚು ನಂಬಿಕೆ.

ತೋಡಿನ ಮೇಲ್ಮೈಯನ್ನು ಸಾವಿರಾರು ಬಿಂದುಗಳಾಗಿ ಮಾಡಿಕೊಳ್ಳಿ. ಕಟರ್ ಅಕ್ಷವನ್ನು ಅದರ ಜಾಗದಲ್ಲಿ, ಅದರ ಕೋನದಲ್ಲಿ ನಿಲ್ಲಿಸಿ. ಆ ಅಕ್ಷದ ಉದ್ದಕ್ಕೂ ತೆಳುವಾದ ಹೋಳುಗಳನ್ನು ಕಲ್ಪಿಸಿಕೊಂಡು, ಪ್ರತಿ ಹೋಳಿನಲ್ಲಿ ಅಕ್ಷಕ್ಕೆ ಅತಿ ಹತ್ತಿರವಿರುವ ಬಿಂದು ಎಷ್ಟು ದೂರದಲ್ಲಿದೆ ಎಂದು ಕೇಳಿ. ಕಟರ್ ಆ ದೂರವನ್ನು ಮೀರಿದರೆ ಉಳಿಯಬೇಕಾದ ಲೋಹವನ್ನು ತಿನ್ನುತ್ತದೆ, ಆದ್ದರಿಂದ ಅದೇ ಅಲ್ಲಿನ ತ್ರಿಜ್ಯ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಮತ್ತು ಅದರ ಲೆಕ್ಕದ ಲೈಬ್ರರಿ ನಂಪೈ ಬಲ್ಲವರಿಗೆ ಇದು ಒಂದು ಸಂಜೆಯ ಕೆಲಸ. ಎರಡೂ ಉಚಿತ.

ಈ ವಿಧಾನ ತಪ್ಪನ್ನು ಮುಚ್ಚಿಡುವುದಿಲ್ಲ. ಕೊರೆಯಲು ಸಾಧ್ಯವೇ ಇಲ್ಲದ ಪ್ರೊಫೈಲ್ ಕೊಟ್ಟರೆ ಲಂಬರೇಖೆಯ ಸಮೀಕರಣ ಒಂದಕ್ಕಿಂತ ಹೆಚ್ಚು ಉತ್ತರ ಕೊಡಬಹುದು, ಕಟರ್ ಪ್ರೊಫೈಲ್ ತನ್ನನ್ನು ತಾನೇ ದಾಟಿ ಗಂಟು ಹಾಕಿಕೊಳ್ಳಬಹುದು. ಹೋಳು ವಿಧಾನ ಅಲ್ಲಿ ಲೋಹವನ್ನು ಬಿಟ್ಟುಬಿಡುತ್ತದೆ. ಮರಳಿ ಸಿಮ್ಯುಲೇಟ್ ಮಾಡಿದಾಗ ಎಲ್ಲಿ ಎಷ್ಟು ಉಳಿಯಿತು ಎಂದು ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. ಕಡಿದಾದ ಗೋಡೆಯಲ್ಲಿ ಹೋಳಿನ ದಪ್ಪವೇ ತಪ್ಪಾಗಿ ಪರಿಣಮಿಸುತ್ತದೆ. ಹೋಳು 0.05 ಮಿ.ಮೀ. ದಪ್ಪವಿದ್ದು ಪ್ರೊಫೈಲ್ ಅಲ್ಲಿ ನಾಲ್ಕು ಪಟ್ಟು ಕಡಿದಾಗಿದ್ದರೆ ತ್ರಿಜ್ಯದಲ್ಲಿ 0.2 ಮಿ.ಮೀ. ವರೆಗೂ ದೋಷ ಬರಬಹುದು. ಬಿಂದುಗಳನ್ನು ಹಾಗೆಯೇ ಹೋಳಿಗೆ ಎಸೆಯಬೇಡಿ. ಹೋಳಿನ ಸಮತಲ ಮೇಲ್ಮೈಯನ್ನು ಕತ್ತರಿಸುವ ಜಾಗವನ್ನು ಅಕ್ಕಪಕ್ಕದ ಬಿಂದುಗಳ ನಡುವೆ ಲೆಕ್ಕ ಹಾಕಿ ತೆಗೆಯಿರಿ.

ಮೊದಲ ಅಭ್ಯಾಸಕ್ಕೆ ಮೊಯ್ನೊ ಪಂಪಿನ ಒಂಟಿ ರೋಟರ್ ತೆಗೆದುಕೊಳ್ಳಿ. ಅದರ ಅಡ್ಡಛೇದ ಅಕ್ಷದಿಂದ ಸ್ವಲ್ಪ ಸರಿದ ಒಂದು ವೃತ್ತ, ಅಷ್ಟೇ. ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಸುಲಭ.

ಕಟರ್‌ನ ವ್ಯಾಸ ಮತ್ತು ಕೋನ ಎಷ್ಟಿರಬೇಕು?

ಕಟರನ್ನು ಓರೆಯಾಗಿ ನಿಲ್ಲಿಸುವ ಸೆಟ್ಟಿಂಗ್ ಕೋನಕ್ಕೆ ನಡುವಿನ ವ್ಯಾಸದಿಂದ ಆರಂಭಿಸಿ. ನಮ್ಮ ಜಾಬ್‌ನಲ್ಲಿ 32 ಮಿ.ಮೀ. ವ್ಯಾಸದ ಸುರುಳಿ ಕೋನ ಬಹುತೇಕ 40 ಡಿಗ್ರಿ. ಕಟರ್ ವ್ಯಾಸ 100 ಮಿ.ಮೀ. ಎಂದುಕೊಂಡರೆ ಅಕ್ಷಗಳ ನಡುವಿನ ದೂರ ತಳದ ತ್ರಿಜ್ಯ 12 ಕೂಡಿಸು ಕಟರ್ ತ್ರಿಜ್ಯ 50, ಅಂದರೆ 62 ಮಿ.ಮೀ. ವ್ಯಾಸ, ದೂರ, ಕೋನ ಈ ಮೂರೂ ಸೇರಿ ಪ್ರೊಫೈಲನ್ನು ನಿರ್ಧರಿಸುತ್ತವೆ. ಒಂದು ಬದಲಾದರೂ ಕಟರ್ ಬೇರೆಯದಾಗುತ್ತದೆ. ಆದ್ದರಿಂದ ಆ ಮೂರು ಅಂಕಿಗಳನ್ನು ಕಟರ್‌ನ ಮೈಮೇಲೆ ಕೆತ್ತಿಸಿಬಿಡಿ. ಕಾಗದ ಕಳೆದುಹೋಗುತ್ತದೆ.

ದೊಡ್ಡ ಕಟರ್ ಗಟ್ಟಿ, ಹಲ್ಲುಗಳು ಹೆಚ್ಚು, ಅದನ್ನು ಹಿಡಿಯುವ ದಂಡ (ಆರ್ಬರ್) ದಪ್ಪ. ಆದರೆ ಅದು ತೋಡಿನಲ್ಲಿ ಉದ್ದಕ್ಕೆ ಹರಡಿಕೊಳ್ಳುವುದರಿಂದ ಗೋಡೆಗಳನ್ನು ಹೆಚ್ಚು ಸವರುತ್ತದೆ, ಅಂಡರ್‌ಕಟ್, ಅಂದರೆ ಉಳಿಯಬೇಕಾದ ಗೋಡೆಯನ್ನೇ ತಿನ್ನುವುದು, ಬರುವ ಸಂಭವ ಏರುತ್ತದೆ. ಜೊತೆಗೆ ಭುಜವಿರುವ ಶಾಫ್ಟ್‌ಗೆ ಇನ್ನೊಂದು ತೊಡಕು: 100 ಮಿ.ಮೀ. ಕಟರ್ 8 ಮಿ.ಮೀ. ಆಳಕ್ಕೆ ಇಳಿದರೆ ತೋಡಿನ ದಿಕ್ಕಿನಲ್ಲಿ ಸ್ಥೂಲವಾಗಿ 27 ಮಿ.ಮೀ. ಮುಂಚೆಯೇ ಲೋಹವನ್ನು ಮುಟ್ಟುತ್ತದೆ. ಅಕ್ಷದ ದಿಕ್ಕಿನಲ್ಲಿ ಅದು ಸುಮಾರು 21 ಮಿ.ಮೀ. ಭುಜ ಅಷ್ಟು ದೂರದಲ್ಲಿ ಇಲ್ಲದಿದ್ದರೆ ಕಟರ್ ಅದನ್ನೂ ಕೊರೆದುಬಿಡುತ್ತದೆ.

ಒಂದು ಗೋಡೆ ಕಡಿದು, ಇನ್ನೊಂದು ಓರೆ ಇರುವ ಅಸಮ ಪ್ರೊಫೈಲ್‌ಗಳಲ್ಲಿ ಕೋನವನ್ನು ಒಂದೆರಡು ಡಿಗ್ರಿ ಸರಿಸಿ ನೋಡುವುದು ಬಹಳ ಉಪಯೋಗಕ್ಕೆ ಬರುತ್ತದೆ. ಕಡಿದಾದ ಗೋಡೆಯ ಅಂಡರ್‌ಕಟ್ ಎಷ್ಟೋ ಸಲ ಹಾಗೆಯೇ ಹೋಗುತ್ತದೆ. ಇದನ್ನು ಯಂತ್ರದ ಮೇಲೆ ಹುಡುಕಲು ಹೋದರೆ ಕಟರ್ ಮೇಲೆ ಕಟರ್ ಬೇಕು. ಸಿಮ್ಯುಲೇಷನ್‌ನಲ್ಲಿ ಕೋನವನ್ನು 36ರಿಂದ 46 ಡಿಗ್ರಿವರೆಗೆ ಅರ್ಧ ಅರ್ಧ ಡಿಗ್ರಿಯಂತೆ ಓಡಿಸಿ, ಉಳಿಯುವ ದೋಷದ ನಕ್ಷೆಯನ್ನು ಬಿಡಿಸಿಕೊಳ್ಳಬಹುದು.

ಸಿಮ್ಯುಲೇಷನ್ ಎಂದಾಗ ಯಾವುದನ್ನು ಹೇಳುತ್ತಿದ್ದೀರಿ?

ಮೂರು ಬೇರೆ ಬೇರೆ ಕೆಲಸಗಳಿಗೆ ಅದೊಂದೇ ಹೆಸರಿದೆ. ಕಟರ್ ಓಡಿದ ಮೇಲೆ ಯಾವ ಆಕಾರ ಉಳಿಯುತ್ತದೆ ಎಂಬುದು ಮೊದಲನೆಯದು. ಬಲ, ಬಾಗುವಿಕೆ, ಕಂಪನ ಎರಡನೆಯದು. ಚಿಪ್ ಹೇಗೆ ಹುಟ್ಟುತ್ತದೆ, ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಮೂರನೆಯದು. ಬಣ್ಣಬಣ್ಣದ ಚಿತ್ರ ಕೊಡುವ ಮೂರನೆಯದರ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ. ಸಣ್ಣ ಕಾರ್ಖಾನೆಗೆ ಹಣ ಉಳಿಸುವುದು ಮೊದಲನೆಯದು. ಮೂರನೆಯದನ್ನು ಹೊಸ ಕೋಟಿಂಗ್, ಹೊಸ ಮಿಶ್ರಲೋಹದ ಸಂಶೋಧನೆ ಮಾಡುವವರಿಗೆ ಬಿಡಿ.

ಆಕಾರದ ಸಿಮ್ಯುಲೇಷನ್‌ಗೆ ಜಾಬನ್ನು ಪುಟ್ಟ ಘನಗಳಾಗಿ ಒಡೆಯುವ ವೋಕ್ಸೆಲ್ ಪದ್ಧತಿಯಿದೆ, ಕಡ್ಡಿಗಳ ಕಟ್ಟಿನಂತೆ ನೋಡುವ ಡೆಕ್ಸೆಲ್ ಪದ್ಧತಿಯಿದೆ. ವೋಕ್ಸೆಲ್ ಸುಲಭ, ಆದರೆ 100 ಗುಣಿಸು 40 ಗುಣಿಸು 40 ಮಿ.ಮೀ. ತುಂಡನ್ನು 0.01 ಮಿ.ಮೀ. ಘನಗಳಾಗಿ ಒಡೆದರೆ 16,000 ಕೋಟಿ ಘನಗಳಾಗುತ್ತವೆ. ಒಂದಕ್ಕೆ ಒಂದು ಬೈಟ್ ಎಂದರೂ 160 ಗಿಗಾಬೈಟ್ ನೆನಪು ಬೇಕು. ಸುರುಳಿಯ ಜಾಬ್‌ಗೆ ಇಷ್ಟೆಲ್ಲ ಬೇಕಾಗಿಲ್ಲ. ಉದ್ದಕ್ಕೂ ಒಂದೇ ಅಡ್ಡಛೇದವಿರುವುದರಿಂದ ಆ ಒಂದನ್ನೇ ಸರಿಯಾಗಿ ಕೊರೆದು ನೋಡಿದರೆ ಸಾಕು. ಕಟರ್‌ನ ಪ್ರತಿ ಬಿಂದುವನ್ನೂ ಸುರುಳಿಯ ಹಾದಿಯಲ್ಲಿ ಹಿಂದಕ್ಕೆ ತಿರುಗಿಸಿ ಆ ಒಂದು ಸಮತಲಕ್ಕೆ ಇಳಿಸಿ. ಬಿದ್ದ ಬಿಂದುಗಳ ಅಂಚೇ ತೋಡು. ಮೂರು ಆಯಾಮದ ಸಮಸ್ಯೆ ಎರಡಕ್ಕೆ ಇಳಿಯುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಬಲದ ಲೆಕ್ಕ ಬೇಕೇ? ಜಾಬ್ ಸಣ್ಣದಲ್ಲವೇ?

ಸಣ್ಣದಾದ್ದರಿಂದಲೇ ಬೇಕು. ಹೈಸ್ಪೀಡ್ ಸ್ಟೀಲ್ ಕಟರ್, 12 ಹಲ್ಲು, ವೇಗ ನಿಮಿಷಕ್ಕೆ 25 ಮೀಟರ್, ಅಂದರೆ ಸುಮಾರು 80 ಸುತ್ತು. ಹಲ್ಲೊಂದಕ್ಕೆ ಫೀಡ್ (ಮುನ್ನಡೆ) 0.05 ಮಿ.ಮೀ. ಆಗ ತೋಡಿನ ದಿಕ್ಕಿನಲ್ಲಿ ಫೀಡ್ ನಿಮಿಷಕ್ಕೆ 48 ಮಿ.ಮೀ. ಡಿಸ್ಕ್ ಕಟರ್‌ನಲ್ಲಿ ಚಿಪ್‌ನ ಸರಾಸರಿ ದಪ್ಪ ಫೀಡ್‌ನಷ್ಟಿರುವುದಿಲ್ಲ. ಆಳವನ್ನು ವ್ಯಾಸದಿಂದ ಭಾಗಿಸಿ ವರ್ಗಮೂಲ ತೆಗೆದು ಫೀಡ್‌ಗೆ ಗುಣಿಸಬೇಕು. 8 ಭಾಗಿಸು 100, ವರ್ಗಮೂಲ 0.283, ಚಿಪ್ 0.014 ಮಿ.ಮೀ.

ಓಟ್ಟೊ ಕೀನ್‌ಸ್ಲೆಯ ಸೂತ್ರದ ಪ್ರಕಾರ ಚಿಪ್ ತೆಳುವಾದಷ್ಟೂ ಒಂದು ಚದರ ಮಿಲಿಮೀಟರ್ ಕತ್ತರಿಸಲು ಬೇಕಾದ ಬಲ ಏರುತ್ತದೆ. 1 ಮಿ.ಮೀ. ದಪ್ಪದಲ್ಲಿ 2000 ನ್ಯೂಟನ್ ಬೇಡುವ ಉಕ್ಕು, ಘಾತಾಂಕ 0.25 ಎಂದಿಟ್ಟುಕೊಂಡರೆ, ಈ ತೆಳು ಚಿಪ್‌ಗೆ ಸುಮಾರು 5800 ನ್ಯೂಟನ್ ಬೇಡುತ್ತದೆ. ತೋಡಿನ ಅಡ್ಡಛೇದ 70 ಚದರ ಮಿ.ಮೀ. ಇದ್ದರೆ ಶಕ್ತಿ 0.33 ಕಿಲೋವ್ಯಾಟ್‌ನಷ್ಟು ಮಾತ್ರ. ಸ್ಪಿಂಡಲ್‌ಗೆ ಇದು ಏನೂ ಅಲ್ಲ. ಆದರೆ 80 ಸುತ್ತಿನಲ್ಲಿ ಅದು ಕಟರ್ ಅಂಚಿನಲ್ಲಿ ಸರಾಸರಿ 800 ನ್ಯೂಟನ್‌ಗೆ ಹತ್ತಿರದ ಬಲ. ಎರಡು ಸೆಂಟರ್‌ಗಳ ನಡುವೆ 300 ಮಿ.ಮೀ. ಉದ್ದದ, 24 ಮಿ.ಮೀ. ತಿರುಳಿನ ದಂಡದ ನಡುವೆ ಅಷ್ಟು ಬಲ ಬಿದ್ದರೆ ಅದು ಸುಮಾರು 0.13 ಮಿ.ಮೀ. ಬಾಗುತ್ತದೆ. ನಿಜವಾದ ಜಾಬ್‌ಗೆ ಸುರುಳಿಯ ಏಣುಗಳ ಬಲವೂ ಇರುವುದರಿಂದ ಬಾಗುವಿಕೆ ಇದಕ್ಕಿಂತ ಕಡಿಮೆ. ಆದರೂ ಮೈಕ್ರಾನ್ ಮಾತಾಡುವವರಿಗೆ ಇದು ದೊಡ್ಡ ಅಂಕಿ. ನಡುವೆ ಆಸರೆಯಾಗಿ ಸ್ಟೆಡಿ ರೆಸ್ಟ್ ಕೊಡಿ, ಕೊನೆಯ ಪಾಸ್‌ಗೆ ಕಡಿಮೆ ಲೋಹ ಉಳಿಸಿ.

ಇನ್ನೊಂದು ಸೂಕ್ಷ್ಮ ಇದೆ. 8 ಮಿ.ಮೀ. ಆಳದಲ್ಲಿ ಕಟರ್ ಲೋಹದೊಳಗೆ ಇರುವುದು ಸುಮಾರು 33 ಡಿಗ್ರಿ, ಹಲ್ಲುಗಳ ನಡುವಿನ ಅಂತರ 30 ಡಿಗ್ರಿ. ಬಹುಪಾಲು ಸಮಯ ಒಂದೇ ಹಲ್ಲು ಕೆಲಸದಲ್ಲಿ. ಅದು ಹೊರಬಂದಾಗಲೆಲ್ಲ ಬಲ ಜಿಗಿಯುತ್ತದೆ, ಗೋಡೆಯ ಮೇಲೆ ಚಾಟರ್ (ಕಂಪನದ) ಗೆರೆಗಳಿಗೆ ಅಲ್ಲಿಯೇ ಬೀಜ ಬೀಳುತ್ತದೆ. ಹಲ್ಲು ಹೆಚ್ಚಿಸಿದರೆ ಬಲ ನಯವಾಗುತ್ತದೆ, ಆದರೆ ಚಿಪ್‌ಗೆ ಜಾಗ ಕಿರಿದಾಗುತ್ತದೆ.

ಕಟರ್‌ನ ರಿಲೀಫ್ ಹೇಗೆ ನಿರ್ಧರಿಸುವುದು?

ರಿಲೀಫ್ ಎಂದರೆ ಹಲ್ಲಿನ ಬೆನ್ನು ಜಾಬ್‌ಗೆ ಉಜ್ಜದಂತೆ ಕೊಡುವ ಇಳಿಜಾರು. ಪರಿಧಿಯನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ, ರಿಲೀಫ್ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ಹಲ್ಲಿನ ಬೆನ್ನು ಒಂದು ಹಲ್ಲಿನ ಅಂತರದಲ್ಲಿ ಎಷ್ಟು ಇಳಿಯಬೇಕು ಎಂದು ಸಿಗುತ್ತದೆ. ನಮ್ಮ ಕಟರ್‌ಗೆ 10 ಡಿಗ್ರಿಯಲ್ಲಿ 4.6 ಮಿ.ಮೀ. ಇಲ್ಲಿಗೇ ನಿಲ್ಲಿಸುವವರು ಹಲವರು. ತೊಂದರೆ ಇರುವುದು ಗೋಡೆಯಲ್ಲಿ. ಕಟರ್‌ನ ತ್ರಿಜ್ಯದ ದಿಕ್ಕಿಗೆ ಕೇವಲ 10 ಡಿಗ್ರಿ ಓರೆ ಇರುವ ಕಡಿದಾದ ಪಕ್ಕಕ್ಕೆ ಆ 10 ಡಿಗ್ರಿ ರಿಲೀಫ್‌ನಲ್ಲಿ ದಕ್ಕುವುದು 2 ಡಿಗ್ರಿಗೂ ಕಡಿಮೆ. ಅಲ್ಲಿ ಕಟರ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಪರಿಹಾರಕ್ಕೆ ಮತ್ತೆ ಸೆಟ್ಟಿಂಗ್ ಕೋನದ ಕಡೆಗೇ ಹೋಗಬೇಕು. ಕಡಿದಾದ ಗೋಡೆ ಕಟರ್‌ನ ಮೇಲೆ ಕೊಂಚ ಓರೆಯಾಗಿ ಬೀಳುವಂಥ ಕೋನವನ್ನು ಹುಡುಕಿ. ಪ್ರೊಫೈಲ್ ಲೆಕ್ಕ ಮಾಡುವ ಪ್ರೋಗ್ರಾಮ್‌ನಲ್ಲೇ ಪ್ರತಿ ಬಿಂದುವಿನ ಪಕ್ಕದ ರಿಲೀಫನ್ನೂ ಮುದ್ರಿಸುವಂತೆ ಒಂದು ಸಾಲು ಸೇರಿಸಿ.

ರೇಕ್ ಕೋನ, ಅಂದರೆ ಹಲ್ಲಿನ ಮುಖದ ಓರೆ, ಸೊನ್ನೆಯಿದ್ದರೆ ಹಲ್ಲಿನ ಮುಖ ಅರೆದು ಹರಿತ ಮಾಡಿದರೂ ಪ್ರೊಫೈಲ್ ಉಳಿಯುತ್ತದೆ. ಆದರೆ ಕಟರ್ ವ್ಯಾಸ ಕುಗ್ಗುತ್ತಾ ಹೋಗುತ್ತದೆ, ವ್ಯಾಸ ಬದಲಾದರೆ ತೋಡಿನ ಆಕಾರವೂ ಕದಲುತ್ತದೆ. ಎಷ್ಟು ಸಲ ಅರೆಯುವವರೆಗೆ ದೋಷ ಮಿತಿಯೊಳಗಿರುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿಡಬಹುದು.

ಹಳೆಯ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರದಲ್ಲಿ ಮಾಡಬಹುದೇ?

ಖಂಡಿತ. ಆ ಯಂತ್ರ ಹುಟ್ಟಿದ್ದೇ ಇದಕ್ಕಾಗಿ. ಅಮೆರಿಕದ ಜೋಸೆಫ್ ಬ್ರೌನ್ 1860ರ ದಶಕದ ಆರಂಭದಲ್ಲಿ ಅದನ್ನು ರೂಪಿಸಿದ್ದು ಡ್ರಿಲ್ ಬಿಟ್‌ನ ಸುರುಳಿ ತೋಡನ್ನು ಕೊರೆಯಲು. ಅದಕ್ಕೂ ಮುಂಚೆ ಆ ತೋಡುಗಳನ್ನು ಕೈಯಿಂದ ಅರದಲ್ಲಿ ಉಜ್ಜಿ ಮಾಡುತ್ತಿದ್ದರು. ಪುಣೆಯ ಸಣ್ಣ ಕಾರ್ಖಾನೆಗಳಲ್ಲಿ ಬೆಂಗಳೂರಿನ ಎಚ್‌ಎಂಟಿಯ ಮಿಲ್ಲಿಂಗ್ ಯಂತ್ರಗಳು ಇನ್ನೂ ದುಡಿಯುತ್ತಿವೆ.

ಟೇಬಲ್ ಸ್ಕ್ರೂವಿನ ಪಿಚ್ 6 ಮಿ.ಮೀ., ಜಾಬನ್ನು ತಿರುಗಿಸುವ ಡಿವೈಡಿಂಗ್ ಹೆಡ್ 40ಕ್ಕೆ 1 ಇದ್ದರೆ ಯಂತ್ರದ ಲೀಡ್ 240 ಮಿ.ಮೀ. ನಮ್ಮ 120ಕ್ಕೆ ಗೇರ್ ಅನುಪಾತ ಸರಿಯಾಗಿ 2ಕ್ಕೆ 1. ಟೇಬಲ್ ಸಾಮಾನ್ಯವಾಗಿ 45 ಡಿಗ್ರಿವರೆಗೆ ತಿರುಗುತ್ತದೆ, ನಮ್ಮ 40 ಅದರೊಳಗಿದೆ. ಸ್ಕ್ರೂವಿನಲ್ಲಿ ಸಡಿಲವಿರುವ ಯಂತ್ರದಲ್ಲಿ ಕ್ಲೈಂಬ್ ಮಿಲ್ಲಿಂಗ್ (ಕಟರ್‌ನ ಹಲ್ಲು ಜಾಬ್ ಸಾಗುವ ದಿಕ್ಕಿನಲ್ಲೇ ಕತ್ತರಿಸುವ ಕ್ರಮ) ಮಾಡಬೇಡಿ, ಕಟರ್ ಜಾಬನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಸಿಎನ್‌ಸಿಯ ನಾಲ್ಕನೇ ಅಕ್ಷದಲ್ಲಿ ಫೀಡ್ ಯಾಕೆ ತಪ್ಪುತ್ತದೆ?

ಯಂತ್ರಕ್ಕೆ ಅಕ್ಷದ ಚಲನೆ ಮಿಲಿಮೀಟರ್‌ನಲ್ಲಿ, ತಿರುಗುವಿಕೆ ಡಿಗ್ರಿಯಲ್ಲಿ. ಎರಡನ್ನೂ ಬೆರೆಸಿ ಫೀಡ್ ಲೆಕ್ಕ ಹಾಕುವ ರೀತಿ ಕಂಟ್ರೋಲರ್‌ನಿಂದ ಕಂಟ್ರೋಲರ್‌ಗೆ ಬೇರೆ. ತೋಡಿನ ದಿಕ್ಕಿನಲ್ಲಿ 48 ಬೇಕಾದರೆ ಅಕ್ಷದ ದಿಕ್ಕಿನಲ್ಲಿ ನಿಮಿಷಕ್ಕೆ 36.8 ಮಿ.ಮೀ., ಜೊತೆಗೆ 110 ಡಿಗ್ರಿ ತಿರುಗುವಿಕೆ. 48ನ್ನೇ ಅಕ್ಷಕ್ಕೆ ಕೊಟ್ಟರೆ ಹಲ್ಲೊಂದರ ಫೀಡ್ ಶೇಕಡಾ 30ರಷ್ಟು ಹೆಚ್ಚುತ್ತದೆ. ವಿಲೋಮ ಕಾಲದ ಫೀಡ್, ಅಂದರೆ ಜಿ93, ಬಳಸಿದರೆ ಈ ಗೊಂದಲವೇ ಇಲ್ಲ.

ಬಾಲ್ ಎಂಡ್ ಮಿಲ್‌ನಿಂದಲೇ ಮಾಡಿದರೆ ಕಟರ್ ವಿನ್ಯಾಸದ ತಲೆನೋವೇ ಇರುವುದಿಲ್ಲವಲ್ಲ?

ಒಂದೆರಡು ಜಾಬ್ ಆದರೆ ಅದೇ ಸರಿ. 3 ಮಿ.ಮೀ. ತ್ರಿಜ್ಯದ ಬಾಲ್, ಪಾಸ್‌ಗಳ ನಡುವೆ 0.3 ಮಿ.ಮೀ. ಅಂತರವಿಟ್ಟರೆ ಉಳಿಯುವ ಏಣು ಸುಮಾರು 4 ಮೈಕ್ರಾನ್. ಆದರೆ ಪ್ರೊಫೈಲ್‌ನ ಉದ್ದ 30 ಮಿ.ಮೀ. ಇದ್ದರೆ ಪ್ರತಿ ತೋಡಿಗೂ 100 ಪಾಸ್ ಬೇಕು. ಅದೇ ಜಾಬ್ ತಿಂಗಳು ತಿಂಗಳು ಬರುವುದಾದರೆ ಫಾರ್ಮ್ ಕಟರ್ ತನ್ನ ಬೆಲೆಯನ್ನು ಬೇಗನೆ ತೀರಿಸುತ್ತದೆ. ಉದ್ದ, ಸಪೂರ ಸ್ಕ್ರೂಗಳಿಗೆ ವರ್ಲಿಂಗ್ ಒಳ್ಳೆಯದು: ಒಳಮುಖ ಹಲ್ಲುಗಳ ಉಂಗುರ ಜಾಬ್‌ನ ಸುತ್ತ ತಿರುಗುತ್ತದೆ, ಬಾಗುವ ಭಯ ಕಡಿಮೆ.

ಇದನ್ನು ಎಲ್ಲಿ ಕಲಿಯಬಹುದು?

ಕರ್ನಾಟಕ ಸರ್ಕಾರದ ಜಿಟಿಟಿಸಿ (ಟೂಲ್ ರೂಮ್ ಮತ್ತು ತರಬೇತಿ) ಕೇಂದ್ರಗಳು ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯಲ್ಲೇ ಇವೆ. ಟೂಲ್ ತಯಾರಿಕೆಯ ಬುನಾದಿ ಅಲ್ಲಿ ಗಟ್ಟಿಯಾಗಿ ಸಿಗುತ್ತದೆ. ಬೆಂಗಳೂರಿನ ಸಿಎಂಟಿಐ ಯಂತ್ರೋಪಕರಣಗಳಿಗೆಂದೇ ಇರುವ ಸಂಶೋಧನಾ ಸಂಸ್ಥೆ. ಪುಣೆಯಲ್ಲಿ ಕಂಪ್ರೆಸರ್, ಪಂಪ್, ಎಂಜಿನ್ ಉದ್ಯಮ ದಟ್ಟವಾಗಿರುವುದರಿಂದ ಕಲಿತದ್ದನ್ನು ಬಳಸಲು ಜಾಗಕ್ಕೆ ಕೊರತೆಯಿಲ್ಲ. ಇಲ್ಲಿನ ಉದ್ಯಮಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ: ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲು ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ. ಯಂತ್ರದ ಮುಂದೆ ನಿಂತು ದುಡಿಯುವ ಹುಡುಗ ಲೆಕ್ಕವನ್ನೂ ಕೈವಶ ಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ. ಇಲ್ಲಿರುವ ಗಣಿತ ಪಿಯುಸಿ ಮಟ್ಟವನ್ನು ದಾಟುವುದು ಒಂದೆರಡು ಕಡೆ ಮಾತ್ರ.

ಸಿಮ್ಯುಲೇಷನ್ ಸರಿಯಿದೆ, ಜಾಬ್ ತಪ್ಪಾಗಿದೆ. ಯಾರನ್ನು ಸಂಶಯಿಸಬೇಕು?

ಜಾಬ್ ತನ್ನ ದೋಷವನ್ನು ತಾನೇ ಹೇಳುತ್ತದೆ. ಎರಡೂ ಗೋಡೆಗಳಲ್ಲಿ ಸಮವಾಗಿ ಲೋಹ ಉಳಿದಿದ್ದರೆ ಆಳ ಕಡಿಮೆಯಾಗಿದೆ. ಒಂದು ಗೋಡೆ ದಪ್ಪ, ಇನ್ನೊಂದು ತೆಳುವಾದರೆ ಕಟರ್ ತನ್ನ ಅಕ್ಷದ ಉದ್ದಕ್ಕೆ ಸರಿದಿದೆ, ಇಲ್ಲವೇ ಕೋನ ತಪ್ಪಿದೆ. ಎರಡು ತುದಿಗಳಲ್ಲಿ ಸರಿಯಿದ್ದು ನಡುವೆ ದಪ್ಪವಿದ್ದರೆ ಜಾಬ್ ಬಾಗಿದೆ. ಗೋಡೆಯ ಮೇಲೆ ಕಟರ್‌ನ ಒಂದು ಸುತ್ತಿಗೊಮ್ಮೆ, ನಮ್ಮ ಫೀಡ್‌ನಲ್ಲಿ 0.6 ಮಿ.ಮೀ.ಗೊಮ್ಮೆ, ಗೆರೆ ಮರುಕಳಿಸಿದರೆ ಆರ್ಬರ್ ಓಲಾಡುತ್ತಿದೆ, ಒಂದೇ ಹಲ್ಲು ಹೆಚ್ಚು ಕತ್ತರಿಸುತ್ತಿದೆ.

ಉದ್ದದುದ್ದಕ್ಕೂ ಲೀಡ್ ಒಂದೇ ಸಮನೆ ಕಡಿಮೆಯಾಗಿದ್ದರೆ ಯಂತ್ರವನ್ನು ಬೈಯುವ ಮೊದಲು ಉಷ್ಣಾಂಶ ನೋಡಿ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಮೇ ತಿಂಗಳ ಪುಣೆಯ ಮಧ್ಯಾಹ್ನ, ಕೂಲೆಂಟ್ ಕೂಡ ಬಿಸಿಯಾಗಿ, ಜಾಬ್ 40 ಡಿಗ್ರಿಯಲ್ಲಿದ್ದಾಗ ಕೊರೆದ 300 ಮಿ.ಮೀ. ಉದ್ದ, ಅಳತೆ ಕೋಣೆಯ 20 ಡಿಗ್ರಿಯಲ್ಲಿ ಸುಮಾರು 0.07 ಮಿ.ಮೀ. ಕುಗ್ಗಿರುತ್ತದೆ. ಕೊನೆಯ ಪಾಸನ್ನು ಬೆಳಗಿನ ಪಾಳಿಗೆ ಇಟ್ಟುಕೊಳ್ಳಿ, ಜಾಬನ್ನು ಅಳತೆ ಕೋಣೆಯಲ್ಲಿ ರಾತ್ರಿಯಿಡೀ ಬಿಟ್ಟು ಮರುದಿನ ಅಳೆಯಿರಿ.